ಮೆತ್ತಗಿದ್ದೇ ಗಟ್ಟಿ

ಪ್ರೀತಿಯ ಪುಟ್ಟಿ,

ತೋಟದ ದರಗಿನ ರಾಶಿಯಲ್ಲಿ ಬಿಳಿ ಮೊಟ್ಟೆಗಳು ಸಿಕ್ಕವೆಂದು ಬರೆದಿದ್ದೀಯ. ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದವಳು, ಈಗ ಹಾವಿನ ಮೊಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿದ್ದೀಯಂತೆ! ನಗುವೂ ಬಂತು, ಎದೆಯೂ ಧಸಕ್ಕೆಂದಿತು. ಕೇರೆಯದೋ ನಾಗರದೋ, ಬರೀ ಮೊಟ್ಟೆ ನೋಡಿ ಹೇಳುವುದು ಕಷ್ಟ ಮಾರಾಯ್ತಿ. ನಾಗರದ್ದಾದರೆ ತಾಯಿ ಅಲ್ಲೇ ಕಾವಲಿದ್ದೀತು. ಇನ್ನು ಕೈ ಹಾಕಬೇಡ.

ಒತ್ತಿದರೆ ತಗ್ಗುತ್ತದೆ, ಕೊಳೆತಿದೆಯಾ ಎಂದು ಕೇಳಿದ್ದೀಯಲ್ಲ, ಇಲ್ಲ ಕಣೇ. ಅದರ ಜಾಣತನವೆಲ್ಲ ಆ ಮೆತ್ತನೆಯಲ್ಲೇ ಇದೆ. ಕೋಳಿಮೊಟ್ಟೆಯದು ಸುಣ್ಣದ ಗಡಸು ಚಿಪ್ಪು. ಇದರದ್ದು ಪ್ರೋಟೀನಿನ ನಾರುಗಳು ಪದರಪದರವಾಗಿ ಹೆಣೆದುಕೊಂಡ, ಒತ್ತಿದತ್ತ ಬಾಗುವ ಹೊದಿಕೆ. ಸುಣ್ಣ ತೀರಾ ತೆಳು. ಈ ಹೊದಿಕೆಯ ಮೂಲಕ ಗಾಳಿ ಆಡುತ್ತದೆ, ಸುತ್ತಲಿನ ತೇವ ಒಳಗಿಳಿಯುತ್ತದೆ. ದಿನ ಹೋದಂತೆ ಮೊಟ್ಟೆ ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ ತೂಕವನ್ನೂ ಏರಿಸಿಕೊಳ್ಳುತ್ತದೆ. ಒಣಗಿ ಗುಳಿಬಿದ್ದದ್ದು ತೇವ ಸಿಕ್ಕರೆ ಮತ್ತೆ ತುಂಬಿಕೊಳ್ಳುವುದೂ ಉಂಟು. ಹೀಗೆ ಉಬ್ಬುವುದು ಗಡಸು ಚಿಪ್ಪಿಗೆ ಆಗುವ ಮಾತೇ?

ಹಾಗಂತ ಎಲ್ಲವನ್ನೂ ತಾಳುತ್ತದೆ ಎಂದುಕೊಳ್ಳಬೇಡ. ನೀರು ನಿಂತರೆ ಒಳಗಿನ ಜೀವಕ್ಕೆ ಉಸಿರು ಕಟ್ಟುತ್ತದೆ. ಅದಕ್ಕೇ ನಮ್ಮ ಕಾಡಿನ ಕಾಳಿಂಗದ ತಾಯಿಯನ್ನು ನೆನೆದರೆ ನನಗೆ ಮನಸ್ಸು ಕರಗುತ್ತದೆ. ಕೈಯಿಲ್ಲ, ಕಾಲಿಲ್ಲ, ಮೈಯನ್ನೇ ಸುತ್ತಿ ತರಗೆಲೆ ಎಳೆದು ಗುಡ್ಡೆ ಹಾಕಿ ಗೂಡು ಕಟ್ಟುತ್ತಾಳೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲೂ ಒತ್ತೊತ್ತಾಗಿ ಕೂತ ಎಲೆಗಳು ಮಳೆನೀರನ್ನು ಹೊರಗೇ ಜಾರಿಸುತ್ತವೆ. ಮರಿ ಹೊರಬರುವ ಮುಂಚೆ ಆಕೆ ಅಲ್ಲಿಂದ ಹೊರಟುಹೋಗುತ್ತಾಳೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಕೋಳಿ ತನ್ನ ಮೊಟ್ಟೆಯನ್ನು ಆಗಾಗ ಹೊರಳಿಸುತ್ತದೆ; ಹಾವಿನ ಮೊಟ್ಟೆಯನ್ನು ಹೊರಳಿಸಬಾರದು. ಒಳಗಿನ ಭ್ರೂಣ ಮೇಲ್ಭಾಗದ ಪೊರೆಗೆ ಅಂಟಿಕೊಂಡು ಬೆಳೆಯುತ್ತದೆ. ತಲೆಕೆಳಗು ಮಾಡಿದರೆ ಹಳದಿ ಭಂಡಾರದ ಭಾರಕ್ಕೆ ಸಿಕ್ಕಿ ಸಾಯಬಹುದು. ನೀನು ಒತ್ತಿದ್ದಷ್ಟೇ ತಾನೆ, ಎತ್ತಿ ತಿರುಗಿಸಲಿಲ್ಲವಲ್ಲ? ನಿಜ ಹೇಳು.

ಸುಮಾರು ಎರಡು ತಿಂಗಳಿಗೆ ಮರಿ ಮೂತಿಯ ತುದಿಯ ಪುಟ್ಟ ಹಲ್ಲಿನಿಂದ ಹೊದಿಕೆಯನ್ನು ಸೀಳುತ್ತದೆ. ಸೀಳಿದ ಮೇಲೂ ಅವಸರವಿಲ್ಲ: ತಲೆಯಷ್ಟೇ ಹೊರಗಿಟ್ಟು ಒಂದೆರಡು ದಿನ ಒಳಗೇ ಇದ್ದು, ಉಳಿದ ಭಂಡಾರವನ್ನು ಮೈಗೂಡಿಸಿಕೊಳ್ಳುತ್ತದೆ. ಭಾನುವಾರ ನೀನು ಹಾಸಿಗೆ ಬಿಡುವುದಕ್ಕಿಂತ ಇದು ವಾಸಿ ಬಿಡು. ಆದರೆ ಆಗತಾನೇ ಹುಟ್ಟಿದ ನಾಗರದ ಮರಿಗೂ ವಿಷವಿದೆ, ತಿಳಿಯಿತೇ?

ದರಗು ಎಳೆಯುವ ಕೆಲಸವನ್ನು ಆ ಮೂಲೆಯಲ್ಲಿ ಒಂದಷ್ಟು ದಿನ ಬೇಡವೆಂದು ಮಾವನಿಗೆ ಹೇಳು. ಗದರಿದರೆ ನನ್ನ ಹೆಸರು ಹಾಕು. ಅಷ್ಟಾಗಿಯೂ ಕೇಳದಿದ್ದರೆ, ಆ ಮೊಟ್ಟೆ ಕೇರೆಯದ್ದೇ ಆಗಿದ್ದರೆ ಮುಂದೆ ಅಡಿಕೆ ತೋಟದ ಇಲಿ ಹಿಡಿಯುವುದು ಆ ಮರಿಗಳೇ ಎಂದು ನೆನಪಿಸು. ಲೆಕ್ಕದ ಮಾತಿಗೆ ಅವರು ಬಗ್ಗುತ್ತಾರೆ.

ನಿನ್ನ
ಅಕ್ಕ