ತಪ್ಪು ಯಾರದು?

ಹೊಸ ಚಪ್ಪಲಿ ಕಾಲನ್ನು ಕಚ್ಚಿದರೆ ಜನರು ಚಪ್ಪಲಿಯನ್ನು ದೂರುತ್ತಾರೆಯೇ ಹೊರತು ಕಾಲನ್ನು ದೂರುವುದಿಲ್ಲ. ಗಣಕಯಂತ್ರದ ಮುಂದೆ ಮಾತ್ರ ಈ ನ್ಯಾಯ ತಲೆಕೆಳಗಾಗುತ್ತದೆ. ದಿನವಿಡೀ ಶ್ರಮಿಸಿ ಬರೆದ ಪುಟ ಮಾಯವಾದರೆ, ತನಗೇ ತಿಳಿವಳಿಕೆ ಸಾಲದೆಂದು ಬಳಸುವವನೇ ತಲೆ ತಗ್ಗಿಸುತ್ತಾನೆ. ಈ ವಿನಯ ಎಷ್ಟರಮಟ್ಟಿಗೆ ಸರಿ?

1970ರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋ ನಗರದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ಬ್ರಾವೋ ಎಂಬ ಬರಹದ ತಂತ್ರಾಂಶ ಸಿದ್ಧವಾಯಿತು. ಆ ಕಾಲಕ್ಕೆ ಅದೊಂದು ಸೋಜಿಗವೇ ಸರಿ. ಆದರೆ ಅದಕ್ಕೆ ಎರಡು ಸ್ಥಿತಿಗಳಿದ್ದವು. ಒಂದರಲ್ಲಿ ಒತ್ತಿದ ಕೀಲಿ ಅಕ್ಷರವಾಗಿ ಮೂಡುತ್ತಿತ್ತು. ಇನ್ನೊಂದರಲ್ಲಿ ಅದೇ ಕೀಲಿ ಆಜ್ಞೆಯಾಗುತ್ತಿತ್ತು. ಆಜ್ಞೆಯ ಸ್ಥಿತಿಯಲ್ಲಿರುವುದನ್ನು ಮರೆತು 'ಎಡಿಟ್' ಎಂಬ ಇಂಗ್ಲಿಷ್ ಪದವನ್ನು ಬೆರಳಚ್ಚು ಮಾಡಿದರೆ ಮುಗಿಯಿತು! 'ಇ' ಎಂದರೆ ಎಲ್ಲವನ್ನೂ ಆರಿಸು. 'ಡಿ' ಎಂದರೆ ಅಳಿಸು. 'ಐ' ಎಂದರೆ ಹೊಸದಾಗಿ ಸೇರಿಸು. ಇಡೀ ಬರಹ ಅಳಿದು 'ಟಿ' ಎಂಬ ಒಂಟಿ ಅಕ್ಷರ ಉಳಿಯುತ್ತಿತ್ತು.

ಅದೇ ಕೇಂದ್ರದ ಲ್ಯಾರಿ ಟೆಸ್ಲರ್ ಇಂತಹ ಸ್ಥಿತಿಭೇದಗಳನ್ನು ಜೀವನವಿಡೀ ವಿರೋಧಿಸಿದರು. ಅವರೂ ಟಿಮ್ ಮಾಟ್ ಅವರೂ ಕೂಡಿ, ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿದ್ದ ಗಿನ್ ಸಂಸ್ಥೆಗಾಗಿ ಜಿಪ್ಸಿ ಎಂಬ ತಂತ್ರಾಂಶವನ್ನು ರೂಪಿಸಿದರು. ಅಲ್ಲಿಯ ಸಂಪಾದಕರು ಹಾಳೆಯನ್ನು ಕತ್ತರಿಸಿ, ಬೇಕಾದೆಡೆಯಲ್ಲಿ ಅಂಟಿಸಿ, ಬರಹವನ್ನು ತಿದ್ದುತ್ತಿದ್ದರು. ಆ ಕೈಗೆಲಸವೇ ಜಿಪ್ಸಿಯಲ್ಲಿ 'ಕತ್ತರಿಸು', 'ಅಂಟಿಸು' ಎಂಬ ಆಜ್ಞೆಗಳಾಯಿತು. ಅಕ್ಷರದ ಕೀಲಿಯನ್ನು ಒತ್ತಿದರೆ ಸದಾ ಅಕ್ಷರವೇ ಮೂಡತೊಡಗಿತು. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಇಂದು ಕನ್ನಡದಲ್ಲಿ ಅರ್ಜಿ ಸಿದ್ಧಪಡಿಸುವ ಗುಮಾಸ್ತನೂ ಅವರ ಹೆಸರನ್ನರಿಯದೆಯೇ ಆ ಆಜ್ಞೆಗಳನ್ನು ನಿತ್ಯ ಬಳಸುತ್ತಾನೆ.

ತಂತ್ರಾಂಶವನ್ನು ರಚಿಸುವವನ ಕಷ್ಟವೂ ಸಣ್ಣದಲ್ಲ. ತನ್ನ ಮನೆಯ ಕತ್ತಲೆಯಲ್ಲಿ ಯಾರೂ ಎಡವುವುದಿಲ್ಲ. ತಾನೇ ಕಟ್ಟಿದ ಕೃತಿಯ ತೊಡಕು ಅವನಿಗೆ ಕಾಣುವುದಿಲ್ಲ. ಆದ್ದರಿಂದ ಹೊಸಬನೊಬ್ಬನನ್ನು ಯಂತ್ರದ ಮುಂದೆ ಕೂರಿಸಿ, ಬಾಯಿಬಿಡದೆ, ಆತನ ಬೆರಳು ಎಲ್ಲಿ ತಡವರಿಸುತ್ತದೆಂಬುದನ್ನು ನೋಡಬೇಕು. ಬಿಡಿಸಿ ಹೇಳಬೇಕೆಂಬ ಆತುರವನ್ನು ತಡೆಯುವುದೇ ಅಲ್ಲಿ ಕಠಿಣವಾದ ಅಭ್ಯಾಸ. ಆತ ತಡವರಿಸಿದ ಎಡೆಯನ್ನು ಗುರುತಿಸಿ, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಬಳಸುವವರ ಒಂದು ಹೆಜ್ಜೆಯನ್ನು ಉಳಿಸಲು ರಚಿಸುವವನು ವಾರಗಟ್ಟಲೆ ದುಡಿಯಬೇಕಾದೀತು. ಆದರೆ ದುಡಿಯುವವನು ಒಬ್ಬ, ಅದೂ ಒಮ್ಮೆ. ಆ ಹೆಜ್ಜೆಯನ್ನು ದಿನದಿನವೂ ಇಡಬೇಕಾದವರು ಸಾವಿರಾರು ಮಂದಿ.