ಅಂಧರ ಆಟಕ್ಕೊಂದು ಅಂಗಳ

ಕಣ್ಣಿಲ್ಲದವರಿಗೆ ಕನ್ನಡ ನಾಡು ನೀಡಿದ ದೊಡ್ಡ ಆಸರೆ ಸಂಗೀತದ್ದು. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ಅಂಧ ಬಾಲಕ ಗದಿಗೆಯ್ಯನ ಕಂಠದಲ್ಲಿದ್ದ ನಾದವನ್ನು ಗುರುತಿಸಿ, ಅವನ ವಿದ್ಯೆಗೆ ವ್ಯವಸ್ಥೆ ಮಾಡದಿದ್ದಲ್ಲಿ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂಬ ಹೆಸರು ನಾಡಿಗೆ ದೊರೆಯುತ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಅನ್ನದೊಡನೆ ಸ್ವರವನ್ನೂ ಬಡಿಸಿದವರು ಅವರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದೀಪವನ್ನು ಉರಿಸಿದರು. ಆಶ್ರಮದ ನಿರ್ವಹಣೆಗಾಗಿ ನಾಟಕ ಕಂಪನಿ ಕಟ್ಟಿಕೊಂಡು ಊರೂರು ಸುತ್ತಿದ್ದೂ ಉಂಟು. ಅನುದಾನವೆಂಬ ಕಚೇರಿಯ ಶಬ್ದ ಮಾಡಬೇಕಾದ ಕಾರ್ಯವನ್ನು ಅಲ್ಲಿ ದಾಸೋಹವೇ ಮಾಡಿತು.

ಆದರೆ ಹಾಡುವ ಮಗುವಿಗೆ ಸಿಕ್ಕಿದ್ದು ಓಡಬಯಸುವ ಮಗುವಿಗೆ ಸಿಗಲಿಲ್ಲ. "ಬೀಳುತ್ತೀ, ಕುಳಿತಿರು" ಎಂಬ ಅಕ್ಕರೆಯ ಮಾತೇ ಅಂಧ ಬಾಲ್ಯಕ್ಕೆ ಬೇಲಿಯಾಯಿತು. ಬಯಲುಸೀಮೆಯಲ್ಲಾದರೂ ಊರ ಹೊರಗೊಂದು ಸಮನೆಲವುಂಟು. ಘಟ್ಟದ ಕೆಳಗಿನ ಪುತ್ತೂರು, ಸುಳ್ಯ, ಆ ಎರಡರ ಗ್ರಾಮಗಳಿಂದ ರೂಪುಗೊಂಡ ಕಡಬ – ಈ ತಾಲೂಕುಗಳಲ್ಲಿ ಅದೂ ದುರ್ಲಭ. ಗುಡ್ಡದ ಓರೆಯಲ್ಲೊಂದು ಮನೆ, ತೋಟದಾಚೆ ಇನ್ನೊಂದು. ನಡುವೆ ಮೆಟ್ಟಿಲು, ತೋಡು, ಅಡಿಕೆಮರದ ಸಂಕ. ಶಾಲೆಯ ಮೈದಾನವೆಂದರೆ ಗುಡ್ಡ ಕಡಿದು ಮಾಡಿದ್ದು. ಇಲ್ಲಿ ಅಂಧರಿಗೆ ವಿನೋದವೇ ಇಲ್ಲವೆನ್ನಲಾಗದು. ವೇಷವಿಲ್ಲದೆ, ಕುಣಿತವಿಲ್ಲದೆ ಬರಿಯ ಮಾತಿನಿಂದ ರಾತ್ರಿಯನ್ನು ಬೆಳಗಿಸುವ ತಾಳಮದ್ದಳೆಯ ಮುಂದೆ ಕಣ್ಣುಳ್ಳವನೂ ಇಲ್ಲದವನೂ ಸರಿಸಮಾನರು. ಅದಕ್ಕೆ ಯಾರ ಅನುದಾನವೂ ಬೇಕಾಗಿಲ್ಲ. ಬೇಕಾಗಿರುವುದು ಮೈ ಬೆವರುವ ಆಟಕ್ಕೆ.

ಅಂಥ ಆಟಗಳಲ್ಲಿ ಗೋಲ್‌ಬಾಲ್ ಒಂದು. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಯೂರೋಪಿನಲ್ಲಿ ಹುಟ್ಟಿ, 1976ರಲ್ಲಿ ಪ್ಯಾರಾಲಿಂಪಿಕ್ಸ್ ಸೇರಿತು. ಪಕ್ಷಕ್ಕೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ. ಒಳಗೆ ಗೆಜ್ಜೆಯಿರುವ ಒಂದೂಕಾಲು ಕಿಲೋ ತೂಕದ ಚೆಂಡನ್ನು ನೆಲದ ಮೇಲೆ ಉರುಳಿಸಿ ಎಸೆದಾಗ, ಎದುರಾಳಿಗಳು ಸದ್ದು ಹಿಡಿದು ಅಡ್ಡ ಮಲಗಿ ತಡೆಯುತ್ತಾರೆ. ಪಟ್ಟಿಯಡಿ ಹುರಿ ಹಾಕಿ ಗೆರೆಗಳನ್ನು ಕೈಗೆ ತಿಳಿಯುವಂತೆ ಮಾಡಿರುತ್ತಾರೆ. ಅಂಗಳದ ಅಳತೆ ಉದ್ದ 18 ಮೀಟರು, ಅಗಲ 9 – ವಾಲಿಬಾಲ್ ಅಂಗಳದಷ್ಟೇ. ವಾಲಿಬಾಲಿನ ಹುಚ್ಚು ಹತ್ತಿದ ಈ ಸೀಮೆಗೆ ಆ ಅಳತೆ ಹೊಸದಲ್ಲ. ಪ್ರೇಕ್ಷಕರು ಮಾತ್ರ ಮೌನವಾಗಿರಬೇಕು. ಕಬಡ್ಡಿಗೆ ಧ್ವನಿವರ್ಧಕ ಕಟ್ಟುವ ಊರಿನಲ್ಲಿ ಇದು ಚೆಂಡು ಕೊಳ್ಳುವುದಕ್ಕಿಂತ ಕಠಿಣವಾದೀತು!

ಅವಕಾಶ ದೊರೆತವರು ಏನು ಸಾಧಿಸಬಲ್ಲರೆಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನಗಳಿವೆ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ-20 ವಿಶ್ವಕಪ್ಪನ್ನು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕರ ನಾಯಕತ್ವದಲ್ಲಿ ಭಾರತ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಘಟ್ಟದ ಮೇಲಣ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಅಂಥ ಓಟಗಾರ್ತಿ ಒಬ್ಬಳೇ ಓಡುವುದಿಲ್ಲ. ಕೈಗೆ ಕೈ ಸೇರಿಸಿದ ಚಿಕ್ಕದೊಂದು ಹುರಿಯ ಇನ್ನೊಂದು ತುದಿಯಲ್ಲಿ ಮಾರ್ಗದರ್ಶಿ ಓಡುತ್ತಾನೆ. ಅವನಿಗೂ ಅಷ್ಟೇ ಉಸಿರು, ಅಷ್ಟೇ ಅಭ್ಯಾಸ, ಅಷ್ಟೇ ಊಟ ಬೇಕು. ಪ್ಯಾರಾಲಿಂಪಿಕ್ಸ್‌ನಲ್ಲಿ ಇದನ್ನರಿತು ಗೆದ್ದ ಜೋಡಿಯ ಇಬ್ಬರಿಗೂ ಪದಕ ನೀಡುತ್ತಾರೆ.

ಅನುದಾನದ ಅರ್ಜಿ ಎಡವುವುದು ಇಲ್ಲಿಯೇ. ಚೆಂಡು, ಪಟ್ಟಿ, ಬ್ರೈಲ್ ಚದುರಂಗದ ಮಣೆ – ಇವು ಪಟ್ಟಿಗೆ ಸೇರುತ್ತವೆ, ಭಾವಚಿತ್ರಕ್ಕೂ ಚೆನ್ನ. ಕಡಬದ ಒಳಹಳ್ಳಿಯಿಂದ ಮಗನನ್ನು ಕೈಹಿಡಿದು ಕರೆತರುವ ತಾಯಿ ಅಂದು ಕಳೆದುಕೊಂಡ ಕೂಲಿ ಪಟ್ಟಿಗೆ ಸೇರುವುದಿಲ್ಲ. ಜೊತೆಗಾರನಿಗೆ ಹಣವಿಲ್ಲದ ಅನುದಾನದ ಚೆಂಡು ಕಪಾಟಿನಲ್ಲಿಯೇ ಉಳಿಯುತ್ತದೆ.

ಹಣದ ಮೂಲಗಳು ಇಲ್ಲದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 29 ಮತ್ತು 30ನೆಯ ಪ್ರಕರಣಗಳು ವಿನೋದ, ಕ್ರೀಡೆಗಳನ್ನು ದಯೆಯ ಪಟ್ಟಿಯಿಂದ ತೆಗೆದು ಸರಕಾರದ ಹೊಣೆಯ ಪಟ್ಟಿಗೆ ಸೇರಿಸಿವೆ. ರಾಜ್ಯದ ಸ್ಥಳೀಯ ಸಂಸ್ಥೆಗಳು ಶೇಕಡಾ 5ರಷ್ಟು ನಿಧಿಯನ್ನು ವಿಕಲಚೇತನರಿಗೆ ಮೀಸಲಿಡಬೇಕು. 2013ರ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯ ಹೆಸರೇ ಇದೆ. ಈ ದ್ವಾರಗಳನ್ನು ತಟ್ಟಲು ಅರ್ಜಿ ಬರೆಯಬಲ್ಲ ಒಬ್ಬ ಅಧ್ಯಾಪಕ, ಲೆಕ್ಕ ಇಡಬಲ್ಲ ಒಬ್ಬ ಹಳೆಯ ವಿದ್ಯಾರ್ಥಿ ಇದ್ದರೆ ಆರಂಭಕ್ಕೆ ಸಾಕು. ಸರಕಾರಿ ಹಣ ಕೈಸೇರುವವರೆಗಿನ ತಿಂಗಳುಗಳಲ್ಲಿ ಜೊತೆಗಾರರ ಕೂಲಿಯನ್ನು ದಾನಿಗಳು ವಹಿಸಿಕೊಂಡರೆ ಅಭ್ಯಾಸ ಮುರಿಯದು.

ಉಳಿದುದು ಮಳೆಯ ಪ್ರಶ್ನೆ. ಜೂನಿನಿಂದ ನಾಲ್ಕು ತಿಂಗಳು ಇಲ್ಲಿ ಬಯಲಾಟ ಸಾಗದು. ಆದರೆ ಆಟಿಯಲ್ಲಿ ಮದುವೆಗಳಿಲ್ಲದೆ ಸಭಾಭವನಗಳು ಬರಿದಾಗಿರುತ್ತವೆ. ಗೋಲ್‌ಬಾಲೂ ಒಳಾಂಗಣದ ಆಟವೇ. ಅಂಗಳ ಆರಿಸುವಾಗ ಮಾಡನ್ನು ಮಾತ್ರ ನೋಡಿಕೊಳ್ಳಬೇಕು: ತಗಡಿನ ಮಾಡಿನ ಮೇಲೆ ಮಳೆ ಸುರಿದರೆ ಚೆಂಡಿನ ಗೆಜ್ಜೆ ಕೇಳಿಸದು.