ಬೋರಲು ಹಾಕಿದ ಬಕೆಟ್ಟು

ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಪ್ರಾಚೀನರು ವಿಧಿಸಿದ್ದಾರೆ. ಪ್ರತಿವರ್ಷವೂ ಅವನ್ನು ತರಗತಿಯಲ್ಲಿ ಬೆರಳು ಮಡಿಸಿ ಎಣಿಸಿ ಹೇಳುವುದು ನನ್ನ ವೃತ್ತಿಧರ್ಮ. ಆ ಪಟ್ಟಿಯಲ್ಲಿ ಕುಮಾರೋದಯವೂ ಉಂಟು, ಜಲಕ್ರೀಡೆಯೂ ಉಂಟು. ಆದರೆ ಕುಮಾರೋದಯವಾದ ಒಂದೂವರೆ ವರ್ಷಕ್ಕೆ ಸರಿಯಾಗಿ ಜಲಕ್ರೀಡೆ ತಾನಾಗಿಯೇ ಆರಂಭವಾಗುವುದೆಂಬುದನ್ನು ಯಾವ ಲಾಕ್ಷಣಿಕನೂ ಬರೆದಿಟ್ಟಂತೆ ನಾನು ಕಾಣೆ. ನಮ್ಮ ಮನೆಯಲ್ಲಿ ಆದುದು ಕುಮಾರಿಯ ಉದಯ, ವ್ಯತ್ಯಾಸ ಅಷ್ಟೇ.

ಪುಟ್ಟಿಗೆ ಆಟದ ಸಾಮಾನಿಗೆ ಬಡತನವಿಲ್ಲ. ಚನ್ನಪಟ್ಟಣದ ಬಣ್ಣದ ಬುಗುರಿಯಿದೆ, ತಳ್ಳಿಕೊಂಡು ನಡೆಯುವ ಮರದ ಗಾಡಿಯಿದೆ, ಸೋದರಮಾವ ತಂದುಕೊಟ್ಟ ಡೋಲು ಬಾರಿಸುವ ಕರಡಿಯಿದೆ. ಅವೆಲ್ಲ ಬಂದ ನೆಂಟರಿಗೆ ತೋರಿಸುವುದಕ್ಕೆ. ಅವಳ ಮನಸ್ಸು ನೆಟ್ಟಿರುವುದು ಬಚ್ಚಲುಮನೆಯಲ್ಲಿ. ತಿರುಗಿಸಿದರೆ ಧಾರೆ ಸುರಿಸುವ ನಲ್ಲಿ, ಹಿಚುಕಿದರೆ ಹಾವಿನಂತೆ ಹೊರಬರುವ ಪೇಸ್ಟು, ಕೈಗೆ ಸಿಕ್ಕಿಯೂ ಸಿಕ್ಕದ ಸೋಪು – ಇಂಥ ವಸ್ತುಪ್ರದರ್ಶನ ನಮ್ಮ ಮೈಸೂರಿನ ದಸರೆಯಲ್ಲಿಯೂ ಇಲ್ಲ. ಬಾಗಿಲು ಅರೆ ತೆರೆದಿದ್ದರೆ ಸಾಕು, ತುತ್ತನ್ನು ಬಾಯಲ್ಲಿಟ್ಟುಕೊಂಡೇ ಅತ್ತ ಓಡುತ್ತಾಳೆ. “ಕರ್ಕಾಟಕ ರಾಶಿ ಕಣೋ, ಜಲರಾಶಿ. ನೀರು ಕಂಡರೆ ಬಿಟ್ಟೀತೇ?” ಎಂದು ನಮ್ಮ ತಾಯಿ ಇದಕ್ಕೆ ಜ್ಯೋತಿಷ್ಯದ ಆಧಾರವನ್ನೂ ಒದಗಿಸಿದ್ದಾರೆ.

ನಮ್ಮ ಬೀದಿಯ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದ ದಿನ ಮನೆಯಲ್ಲಿರುವ ಬಕೆಟ್ಟು, ಕೊಡ, ಕೊಳದಪ್ಪಲೆ ಎಲ್ಲವೂ ಕಂಠಮಟ್ಟ ತುಂಬಬೇಕು. ತಾಯಿಯ ಪಾಲಿಗೆ ಇದು ಅನುಕೂಲದ ಮಾತಷ್ಟೇ ಅಲ್ಲ, ಧರ್ಮ. ದೀಪಾವಳಿಯ ಆರಂಭದಲ್ಲಿ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬುವುದನ್ನೇ ಹಬ್ಬವಾಗಿ ಮಾಡಿಕೊಂಡ ಜನ ನಾವು. ತುಂಬಿದ ಪಾತ್ರೆ ಲಕ್ಷ್ಮಿ. ಬೋರಲು ಬಿದ್ದ ಪಾತ್ರೆ ದಾರಿದ್ರ್ಯ.

ಒಂದು ಭಾನುವಾರದ ಬೆಳಿಗ್ಗೆ. ನಾನು ಉತ್ತರಪತ್ರಿಕೆಗಳ ಕಂತೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ನನ್ನಾಕೆ ಅಡಿಗೆಮನೆಯಲ್ಲಿ, ತಾಯಿ ದೇವರಮನೆಯಲ್ಲಿ. ಮಗು ತಾಯಿಯ ಬಳಿ ಇರುವಳೆಂದು ನಾನು ತಿಳಿದಿದ್ದೆ. ನನ್ನ ಬಳಿ ಇರುವಳೆಂದು ಅವಳ ತಾಯಿ. ಇಬ್ಬರಲ್ಲಿ ಒಬ್ಬರ ಬಳಿ ಇದ್ದೇ ಇರುವಳೆಂದು ಅಜ್ಜಿ. ಮನೆಯಲ್ಲಿ ಮೌನ ನೆಲೆಸಿತು. ಮೂಢನಾದ ನಾನು ಅದನ್ನು ಶಾಂತಿಯೆಂದು ಭ್ರಮಿಸಿ ಇನ್ನೂ ನಾಲ್ಕು ಉತ್ತರಪತ್ರಿಕೆಗಳನ್ನು ತಿದ್ದಿದೆ.

ನೀರು ಕುಡಿಯಲೆಂದು ಎದ್ದವನಿಗೆ ಬಚ್ಚಲುಮನೆಯ ಬಾಗಿಲಿನಿಂದ ಕಂಡದ್ದು ಎರಡು ಪುಟ್ಟ ಅಂಗಾಲುಗಳು. ಅವು ನೆಲವನ್ನು ಬಿಟ್ಟಿದ್ದುವು. ಹೊಟ್ಟೆ ಬಕೆಟ್ಟಿನ ಅಂಚಿನ ಮೇಲಿತ್ತು. ತಲೆಯೂ ಎರಡು ಕೈಗಳೂ ಒಳಗೆ. ತೇಲುತ್ತಿದ್ದ ಚೊಂಬೊಂದನ್ನು ಹಿಡಿಯುವ ಸಾಹಸ ನಡೆದಿತ್ತು. ಮುಖಕ್ಕೂ ನೀರಿಗೂ ನಡುವೆ ಗೇಣುದ್ದದ ಅಂತರವೂ ಇರಲಿಲ್ಲ. ನಾನು ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡೆ. ಚೊಂಬು ಕೈತಪ್ಪಿತೆಂದು ಅವಳು ಮನೆ ಹಾರುವಂತೆ ಅತ್ತಳು. ಆ ಅಳುವಿನಷ್ಟು ಇಂಪಾದ ಸಂಗೀತವನ್ನು ನಾನು ಕೇಳಿಲ್ಲ. ಅಲ್ಲಿಯವರೆಗೆ ಒಂದಿಷ್ಟೂ ಸದ್ದಿರಲಿಲ್ಲವೆಂಬುದು ನೆನಪಾಗಿ ಅಂದು ಸಂಜೆಯವರೆಗೂ ಕೈ ನಡುಗುತ್ತಿತ್ತು.

ಆ ವಾರವೇ ಚುಚ್ಚುಮದ್ದಿಗೆ ಕರೆದೊಯ್ದಾಗ ವೈದ್ಯರಿಗೆ ಈ ಸಂಗತಿಯನ್ನು ಹೇಳಿದೆ. ಅವರು ನಗಲಿಲ್ಲ. ಈ ವಯಸ್ಸಿನ ಮಗುವಿಗೆ ಮೈಯ ಅಳತೆಗೆ ತಲೆಯ ಭಾರ ಹೆಚ್ಚು. ಬಗ್ಗಿದರೆ ಮುಗ್ಗರಿಸುತ್ತದೆ, ಮುಗ್ಗರಿಸಿದರೆ ತೋಳಿನ ಬಲದಿಂದ ಮೇಲೇಳಲಾರದು. ನೀರು ತುಂಬಿದ ಬಕೆಟ್ಟು ಭಾರವಾದುದರಿಂದ ಉರುಳಿಬೀಳುವುದೂ ಇಲ್ಲ. ಮೂಗು ಬಾಯಿ ಮುಚ್ಚುವಷ್ಟು, ಎಂದರೆ ಎರಡು ಅಂಗುಲ ನೀರು ಸಾಕು. ಮುಳುಗುವವರು ಕೂಗುತ್ತಾರೆಂಬುದು ಸಿನಿಮಾದ ಮಾತು. ಉಸಿರಿಗೇ ಎಡೆಯಿಲ್ಲದಾಗ ಕೂಗೆಲ್ಲಿ ಬರಬೇಕು? ಮನೆಗೆ ಬಂದು ನಾನೂ ಒಂದಿಷ್ಟು ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು ೩ ಲಕ್ಷ; ಅವರಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲೊಂದು ಪಾಲು ಐದು ವರ್ಷ ತುಂಬದ ಮಕ್ಕಳು.

ಅಂದಿನಿಂದ ನಮ್ಮ ಬಚ್ಚಲುಮನೆಯಲ್ಲಿ ಸುಧಾರಣಾಯುಗ ಆರಂಭವಾಯಿತು. ನಾನು ಮೊದಲು ಮಾಡಿದ್ದು ಮಂಡಿಯೂರಿ ಪುಟ್ಟಿಯ ಎತ್ತರದಿಂದ ಆ ಲೋಕವನ್ನು ನೋಡಿದ್ದು. ವಾಚಕ ಮಹಾಶಯರು ನಗಬಾರದು; ಮೂವತ್ತು ಮೀರಿದ ಉಪನ್ಯಾಸಕನಿಗೆ ಇದರಿಂದ ತಿಳಿದದ್ದು ಬಹಳ. ಮೂಲೆಯಲ್ಲಿ ಫಿನಾಯಿಲು, ಅದೂ ಶರಬತ್ತಿನ ಹಳೆಯ ಸೀಸೆಯಲ್ಲಿ! ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಆ ದ್ರವವನ್ನು ಮಗು ಹಾಲಲ್ಲವೆಂದು ಹೇಗೆ ತಿಳಿಯಬೇಕು? ಪಕ್ಕದಲ್ಲಿ ಪಾಯಿಖಾನೆ ತೊಳೆಯುವ ಆಮ್ಲ. ಅದು ಗಂಟಲಿಗಿಳಿದರೆ ವಾಂತಿ ಮಾಡಿಸಲೂಬಾರದು, ಇಳಿಯುವಾಗ ಒಮ್ಮೆ ಸುಟ್ಟದ್ದು ಏರುವಾಗ ಇನ್ನೊಮ್ಮೆ ಸುಡುತ್ತದೆ, ನೇರವಾಗಿ ಆಸ್ಪತ್ರೆಗೆ ಓಡಬೇಕು ಎಂದಿದ್ದರು ವೈದ್ಯರು. ಎಲ್ಲವೂ ಅವುಗಳದೇ ಸೀಸೆಗಳಲ್ಲಿ, ಬೀಗವಿರುವ ಎತ್ತರದ ಗೂಡನ್ನು ಸೇರಿದುವು. ಕ್ಷೌರದ ಬ್ಲೇಡೂ ಅವುಗಳೊಡನೆ ಹೋಯಿತು. ಗೀಸರಿನ ಶಾಖವನ್ನು ಇಳಿಸಿದೆ. ೬೦ ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲುದು. ಮಗುವಿನ ತೆಳುವಾದ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಶಾಸನವೂ ಜಾರಿಗೆ ಬಂತು. ಒಳಗಿನ ಕೆಳ ಚಿಲಕವನ್ನು ಬಡಗಿಯಿಂದ ತೆಗೆಸಿದೆ, ಪುಟ್ಟಿ ತನ್ನನ್ನು ತಾನೇ ಸೆರೆಹಾಕಿಕೊಳ್ಳಬಾರದಲ್ಲ. ಹೊರಗೆ ಮೇಲ್ಗಡೆ ಒಂದು ಚಿಲಕ ಹಾಕಿಸಿದೆ. ನೀರಿಗೆ ತಿರುಪಿನ ಮುಚ್ಚಳದ ಡ್ರಮ್ಮು ಬಂತು.

ಇಷ್ಟಕ್ಕೆಲ್ಲ ಒಪ್ಪಿದ ತಾಯಿ ಬಕೆಟ್ಟಿನ ವಿಷಯಕ್ಕೆ ಮಾತ್ರ ಜಗ್ಗಲಿಲ್ಲ. ಉಪಯೋಗಿಸಿದ ಕೂಡಲೇ ನೀರು ಚೆಲ್ಲಿ ಬೋರಲು ಹಾಕಬೇಕೆಂದು ನಾನು. ಮನೆಯಲ್ಲಿ ಪಾತ್ರೆ ಬೋರಲು ಬೀಳಕೂಡದೆಂದು ಅವರು. ನಾನು ಬೋರಲು ಹಾಕಿದ್ದು ಸಂಜೆಯ ಹೊತ್ತಿಗೆ ತುಂಬಿ ನಿಂತಿರುತ್ತಿತ್ತು. ಕೊನೆಗೊಂದು ದಿನ ಸ್ವಲ್ಪ ಒರಟಾಗಿಯೇ, “ಅಮ್ಮಾ, ನಿಮಗೆ ಶಕುನ ಹೆಚ್ಚೋ, ಮಗು ಹೆಚ್ಚೋ?” ಎಂದುಬಿಟ್ಟೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ನಮ್ಮ ಅಪ್ಪನ ಮನೆ ಹಿತ್ತಲಲ್ಲಿ ದನಗಳಿಗೆ ಒಂದು ನೀರಿನ ತೊಟ್ಟಿ ಇತ್ತು ಕಣೋ. ನನ್ನ ಹಿಂದೆ ಹುಟ್ಟಿದ ಗಂಡುಮಗು, ಎರಡು ವರ್ಷ. ನಾವೆಲ್ಲ ಅಲ್ಲೇ ಹತ್ತು ಮಾರು ದೂರದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದೆವು. ಒಂದು ಸದ್ದೂ ಕೇಳಲಿಲ್ಲ. ಹಣೆಬರಹ ಅಂದರು ಎಲ್ಲರೂ. ನಮ್ಮಮ್ಮ ಮಾತ್ರ ಸಾಯುವವರೆಗೂ, ತೊಟ್ಟಿಗೊಂದು ಹಲಗೆ ಮುಚ್ಚಿದ್ದಿದ್ದರೆ ಅನ್ನುತ್ತಿದ್ದಳು.”

ನನಗೊಬ್ಬ ಸೋದರಮಾವನಿದ್ದನೆಂಬುದು ಅಂದು ಮೊದಲ ಬಾರಿಗೆ ತಿಳಿಯಿತು. ಆಡಿದ ಮಾತಿಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಬಚ್ಚಲುಮನೆಗೆ ಹೋದಾಗ ಬಕೆಟ್ಟು ಬೋರಲು ಬಿದ್ದಿತ್ತು. ಹಾಕಿದವರು ನಾನೂ ಅಲ್ಲ, ನನ್ನಾಕೆಯೂ ಅಲ್ಲ.

ಚಿಲಕ ಬೀಗಗಳೆಲ್ಲ ಊರುಗೋಲುಗಳು; ಕಾಯುವುದು ಕಣ್ಣು. ಅಂದಿನ ತಪ್ಪು ಬಕೆಟ್ಟಿನದಷ್ಟೇ ಅಲ್ಲ, ಮಗು ಇನ್ನೊಬ್ಬರ ಬಳಿ ಇದೆಯೆಂದು ಮೂವರೂ ನಂಬಿದ್ದು. ಈಗ ನಮ್ಮಲ್ಲಿ ಕಚೇರಿಯ ಪದ್ಧತಿ ಬಂದಿದೆ. “ಪುಟ್ಟಿ ನಿಮ್ಮ ಹತ್ತಿರ” ಎಂದು ಒಬ್ಬರು ಹೇಳಿದರೆ, “ಹೂಂ, ನನ್ನ ಹತ್ತಿರ” ಎಂದು ಇನ್ನೊಬ್ಬರು ಬಾಯಿಬಿಟ್ಟು ಒಪ್ಪಿಕೊಳ್ಳದ ಹೊರತು ಚಾರ್ಜು ವಹಿಸಿದಂತಾಗುವುದಿಲ್ಲ. ಸ್ನಾನದ ನಡುವೆ ಕರೆಗಂಟೆ ಬಾರಿಸಿದರೆ ಟವೆಲು ಸುತ್ತಿದ ಮಗುವೂ ಬಾಗಿಲು ತೆರೆಯಲು ಬರುತ್ತದೆ.

ಸುಧಾರಣೆಯ ಫಲ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿದೆ. ಮನೆಯ ಮೂವರೂ ಮಾಡುವುದನ್ನು ನೋಡಿ ನೋಡಿ, ಬಕೆಟ್ಟು ಇರುವುದೇ ಬೋರಲು ಹಾಕುವುದಕ್ಕೆಂದು ಪುಟ್ಟಿ ತೀರ್ಮಾನಿಸಿದ್ದಾಳೆ. ಮೊನ್ನೆ ಪಕ್ಕದ ಮನೆಯಾಕೆ ನಲ್ಲಿಯಲ್ಲಿ ಹನಿಹನಿಯಾಗಿ ಹಿಡಿದಿಟ್ಟಿದ್ದ ಸಣ್ಣ ಬಕೆಟ್ಟು ನೀರನ್ನು ಅಂಗಳಕ್ಕೆ ಚೆಲ್ಲಿ, ಬೋರಲು ಹಾಕಿ, ಅದರ ಮೇಲೆ ಕುಳಿತು ಚಪ್ಪಾಳೆ ತಟ್ಟಿದಳು. ಆಕೆ ದೂರು ತಂದಾಗ ನಮ್ಮ ತಾಯಿಯೇ ಮುಂದೆ ಬಂದು, “ಕೋಪಿಸಿಕೊಳ್ಳಬೇಡಮ್ಮ. ನಮ್ಮಲ್ಲಿ ಹಾಗೆಯೇ ಪದ್ಧತಿ” ಎಂದು ಹೇಳಿ, ತಮ್ಮ ಕೊಡದಿಂದ ಅಷ್ಟೂ ನೀರನ್ನು ಸುರಿದುಕೊಟ್ಟರು.